ಮುಯ್ಯಿಗೆ ಕೊಟ್ಟ ಮತ

ಗಂಟೆ ಹೊಡೆದರೆ ನಾನು ಎಲ್ಲಿದ್ದರೂ ಎದ್ದು ಓಡಬೇಕು. ಟೀ ಅರ್ಧ ಕುಡಿದಿರಲಿ, ಫೋನಿನಲ್ಲಿ ಅಮ್ಮ ಮಂಡಿನೋವಿನ ವಿಷಯ ಹೇಳುತ್ತಿರಲಿ, ಎದ್ದೇಳಬೇಕು. ಮೆಲ್ಬರ್ನ್‌ನ ಆ ಹಳೆಯ ಪಾರ್ಲಿಮೆಂಟ್ ಕಟ್ಟಡದ ಮೂಲೆಮೂಲೆಗೂ, ಶೌಚಾಲಯಕ್ಕೂ, ಗಂಟೆ ಕೇಳಿಸುವ ಹಾಗೆ ಮಾಡಿದ್ದಾರೆ. ಮತಕ್ಕೆ ಹಾಕುವ ಮುಂಚೆ ಕೆಲವು ನಿಮಿಷ ಹೊಡೆಯುತ್ತದೆ. ಆಮೇಲೆ ಸದನದ ಬಾಗಿಲು ಹಾಕಿ ಬೀಗ. ಒಳಗಿದ್ದವರು ಮತ ಹಾಕಲೇಬೇಕು, ಹೊರಗಿದ್ದವರು ಹಾಕುವಂತಿಲ್ಲ. ಮೊದಲ ಸಲ ಆ ಬೀಗದ ಸದ್ದು ಕೇಳಿದಾಗ ನನಗೆ ನಮ್ಮೂರಿನ ಕುರಿದೊಡ್ಡಿ ನೆನಪಾಗಿತ್ತು. ಪಕ್ಕದ ಸದಸ್ಯೆಗೆ ಹಾಗೆಂದು ಹೇಳಿದೆ. ಆಕೆ ನಗಲಿಲ್ಲ.

ನಾನು ಸೊಪ್ಪು ಬೆಳೆಯುವವಳು. ಮೇಲ್ಮನೆಯ ಸದಸ್ಯೆ ಆದದ್ದು ಆಮೇಲೆ. ಯಾರಾದರೂ ಕೇಳಿದರೆ ಇದೇ ಕ್ರಮದಲ್ಲಿ ಹೇಳುತ್ತೇನೆ.

ಇವೆರಡಕ್ಕೂ ಮುಂಚೆ ಇನ್ನೊಂದಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವರಲ್ಲಿ ನಾನೇ ಮೊದಲನೆಯವಳು. ಬಿ.ಎಸ್ಸಿ. ಅಗ್ರಿ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ತಿರುಮಕೂಡಲು ನರಸೀಪುರದ ಕಡೆಯ ಹಳ್ಳಿ ನಮ್ಮದು. ನಾಲೆ ನೀರು, ಭತ್ತದ ಗದ್ದೆ. ಅಪ್ಪನಿಗೆ ರುಜು ಹಾಕಲು ಬರುತ್ತಿತ್ತು, ಅಮ್ಮನಿಗೆ ಅದೂ ಬರದು. ಅಕ್ಕನನ್ನು ಪಿಯುಸಿ ಮುಗಿಯುತ್ತಿದ್ದಂತೆ ಮದುವೆ ಮಾಡಿ ಸಿಡ್ನಿಗೆ ಕಳಿಸಿದರು. ನನಗೂ ಗಂಡು ನೋಡಲು ಶುರು ಮಾಡಿದಾಗ ನಾನು ಊಟ ಬಿಟ್ಟು ಕೂತೆ. ಸೀಟು ಸಿಕ್ಕಿತ್ತು, ಮನೆಯವರು ಬಿಡುತ್ತಿರಲಿಲ್ಲ. ಕೊನೆಗೆ ಅಪ್ಪನೇ, "ಓದ್ಕೊಳ್ಳಿ ಬಿಡು, ಗದ್ದೆ ವಿಷ್ಯವೇ ತಾನೆ ಓದೋದು" ಎಂದರು. ಗದ್ದೆ ವಿಷಯವನ್ನು ಓದಲು ಗದ್ದೆ ಬಿಟ್ಟು ಹೋಗಬೇಕು ಎನ್ನುವುದು ಅವರಿಗೆ ತಮಾಷೆಯಾಗಿ ಕಂಡಿತ್ತು.

ಮದುವೆಯಾಗಿ ನಾನೂ ಸಿಡ್ನಿಗೇ ಬಂದೆ. ಗಂಡ ಕಂಪ್ಯೂಟರ್ ಕೆಲಸದವರು. ಮೊದಲೆರಡು ವರ್ಷ ಕ್ವೇಕರ್ಸ್ ಹಿಲ್‌ನಲ್ಲಿ ಅಕ್ಕನ ಮನೆಯ ಹಿಂಬದಿಯ ರೂಮಿನಲ್ಲಿದ್ದೆವು. ಡಿಗ್ರಿ ಸರ್ಟಿಫಿಕೇಟನ್ನು ಸೂಟ್‌ಕೇಸಿನಲ್ಲೇ ಬಿಟ್ಟು ನಾನು ಪೆಂಡಲ್ ಹಿಲ್‌ನ ದಿನಸಿ ಅಂಗಡಿಯೊಂದರಲ್ಲಿ ಸೊಪ್ಪು ಬಿಡಿಸುವ ಕೆಲಸಕ್ಕೆ ಹೋದೆ. ಮೆಂತ್ಯ ಹಳದಿ ತಿರುಗಿರುತ್ತಿತ್ತು. ಕರಿಬೇವು ಉದುರಿರುತ್ತಿತ್ತು. ಸಬ್ಬಸಿಗೆ ಸೊಪ್ಪಿಗೆ ವಾಸನೆಯೇ ಇರುತ್ತಿರಲಿಲ್ಲ. ಆದರೂ ಜನ ಕೈ ಹಾಕಿ ಕಿತ್ತಾಡಿ ಕೊಳ್ಳುತ್ತಿದ್ದರು. "ಆಂಟಿ, ದಂಟು ಯಾವತ್ತು ಬರುತ್ತೆ?" ಎಂದು ಕೇಳುತ್ತಿದ್ದರು. ಆ ಆಂಟಿಗೆ ಆಗ ಇನ್ನೂ ಮೂವತ್ತಾಗಿರಲಿಲ್ಲ.

ಗಂಡನಿಗೆ ಮೆಲ್ಬರ್ನ್‌ನಲ್ಲಿ ಕೆಲಸವಾದಾಗ ಕ್ರೇಗಿಬರ್ನ್‌ಗೆ ಬಂದೆವು. ಬಡಾವಣೆ ಮುಗಿದು ಬೇಲಿ ಶುರುವಾಗುವ ಕಡೆ ಹೋಗಿ ನಾನು ಮಣ್ಣು ಮುಟ್ಟಿ ನೋಡಿದೆ. ಕಪ್ಪು ಜಿಗುಟು, ಗುಂಡುಗುಂಡು ಕಲ್ಲು. ಕಲ್ಲು ತೆಗೆದರೆ ಒಳ್ಳೆಯ ಮಣ್ಣು. ಒಬ್ಬ ಜಮೀನುದಾರನಿಂದ ಗುತ್ತಿಗೆಗೆ ತೆಗೆದುಕೊಂಡು, ಪ್ಲಾಸ್ಟಿಕ್ ಹೊದಿಸಿದ ಉದ್ದನೆಯ ಸುರಂಗದಂಥ ಮನೆಗಳನ್ನು ಕಟ್ಟಿ ದಂಟು, ಮೆಂತ್ಯ, ಸಬ್ಬಸಿಗೆ ಹಾಕಿದೆ. ಅವರೆ ಮಾತ್ರ ಹಟ ಹಿಡಿಯಿತು. ಹಗಲು ಚಿಕ್ಕದಾಗತೊಡಗಿದ ಮೇಲೆಯೇ ಹೂ ಬಿಡುವ ಗಿಡ ಅದು. ಇಲ್ಲಿ ಹಗಲು ಚಿಕ್ಕದಾದ ಕೂಡಲೇ ಚಳಿ ಬಂದು ಬಡಿಯುತ್ತದೆ. ಹೂವಿಗೂ ಹೆಪ್ಪುಗಟ್ಟುವ ಇಬ್ಬನಿಗೂ ನಡುವೆ ಸಿಗುವ ಸಂದಿಯಲ್ಲಿ ಕಾಯಿ ಮಾಡಿಸಿಕೊಳ್ಳಬೇಕು. ಕಾಲೇಜಿನಲ್ಲಿ ಓದಿದ್ದರಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಒಂದು ಪಾಠ. ಸೊಗಡಿರುವ ಅವರೆಕಾಯಿಯನ್ನು ಮೊದಲ ಸಲ ಸಿಡ್ನಿಗೆ ಕಳಿಸಿದಾಗ ಅಕ್ಕ ಫೋನಿನಲ್ಲಿ ಅಳುತ್ತಾ ಮೂಗು ಏರಿಸಿದಳು.

ನಮ್ಮ ಪಕ್ಕದ ತುಂಡು ವಿಯೆಟ್ನಾಂ ಮೂಲದ ಒಬ್ಬ ಹಿರಿಯ ಹೆಂಗಸಿನದು. ಪುದೀನ ಬೆಳೆಯುತ್ತಿದ್ದರು. ನಮ್ಮ ಮನೆಯಲ್ಲಿ ಅವರ ಹೆಸರೇ ಪುದೀನ ಆಂಟಿ. ಅವರ ಇಂಗ್ಲಿಷ್ ಮುರುಕು, ನನ್ನದು ಮೈಸೂರಿನದು. ಹೇಗೋ ಹೊಂದಿಕೊಂಡೆವು.

ಹೀಗಿರುವಾಗ ನಗರದ ಬೆಳವಣಿಗೆಯ ಗಡಿಯನ್ನು ಇನ್ನಷ್ಟು ಉತ್ತರಕ್ಕೆ ಸರಿಸುತ್ತಾರೆ ಎಂಬ ಮಾತು ಬಂತು. ಗೆರೆ ಸರಿದರೆ ನಮ್ಮ ಸೊಪ್ಪಿನ ಓಣಿ ಪೂರ್ತಿ ಮನೆ ನಿವೇಶನ. ಗುತ್ತಿಗೆಯವರಾದ ನಮ್ಮನ್ನು ಯಾರೂ ಕೇಳಬೇಕಾಗಿಲ್ಲ, ನಮಗೆ ಹೇಳಬೇಕಾಗಿಲ್ಲ. ಬೆಳೆಗಾರರೆಲ್ಲ ಪುದೀನ ಆಂಟಿಯ ಶೆಡ್ಡಿನಲ್ಲಿ ಸೇರಿದೆವು. ರೈತರ ಹೆಸರಿನ ಸಣ್ಣ ಪಕ್ಷವೊಂದರವರೂ ಬಂದಿದ್ದರು. ನಮ್ಮ ಭಾಗಕ್ಕೆ ಅವರಿಗೆ ಅಭ್ಯರ್ಥಿ ಇರಲಿಲ್ಲ. "ಹೆಸರು ಕೊಡಿ ಸಾಕು, ಗೆಲ್ಲೋದೇನೂ ಇಲ್ಲ" ಎಂದರು. ಓದಿದವಳು ನೀನೇ ಎಂದು ಎಲ್ಲರೂ ನನ್ನ ಕಡೆ ತಿರುಗಿದರು. ಓದಿದವಳು ಎಂದರೆ ನಾನು ಇವತ್ತಿಗೂ ಕರಗುತ್ತೇನೆ. ಕೊಟ್ಟೆ.

ಇಲ್ಲಿ ಮತಪತ್ರದಲ್ಲಿ ಒಂದನೆಯ ಆಯ್ಕೆ, ಎರಡನೆಯ ಆಯ್ಕೆ ಎಂದು ಇರುತ್ತದೆ. ಸೋತವರ ಮತ ಇನ್ನೊಬ್ಬರಿಗೆ ಹರಿದು ಹೋಗುತ್ತದೆ. ಹರಿದು ಹರಿದು ಎಲ್ಲೆಲ್ಲಿಯದೋ ನೀರು ನಮ್ಮ ಗದ್ದೆಯಲ್ಲಿ ನಿಂತಿತು. ಗೆದ್ದೆ. ಗಂಡ ಟಿವಿಯ ಮುಂದೆ ನಿಂತು, "ಏನೇ ಇದು, ಬರೀ ಹೆಸರು ಅಂದಿದ್ಯಲ್ಲ? ಟನಲ್‌ಗೆ ನೀರು ಯಾರು ಬಿಡ್ತಾರೆ ಈಗ?" ಎಂದರು. ನಾನು ಅವರನ್ನೇ ನೋಡಿದೆ. "ನಾನು ವರ್ಕ್ ಫ್ರಮ್ ಹೋಮ್ ಕಣೇ, ವರ್ಕ್ ಫ್ರಮ್ ಟನಲ್ ಅಲ್ಲ" ಎಂದರು. ನೀರು ಬಿಟ್ಟರು ಮಾತ್ರ, ಪಾಪ.

ಸದನದಲ್ಲಿ ನಮ್ಮ ಪಕ್ಷದಿಂದ ನಾನೊಬ್ಬಳೇ. ನಾನೇ ನಾಯಕಿ, ನಾನೇ ವಿಪ್, ನಾನೇ ಹಿಂಬದಿ ಸಾಲು. ಕೆಂಪು ಚರ್ಮದ ಆಸನ, ಮೇಲೆ ಚಿನ್ನದ ಬಣ್ಣದ ಛಾವಣಿ. ಉಗುರಿನ ಸಂದಿಯ ಮಣ್ಣು ಎಷ್ಟು ತಿಕ್ಕಿದರೂ ಪೂರ್ತಿ ಹೋಗುತ್ತಿರಲಿಲ್ಲ. ಮೊದಲು ಕೈ ಮಡಚಿ ಕೂರುತ್ತಿದ್ದೆ, ಆಮೇಲೆ ಬಿಟ್ಟೆ.

ಆ ಸದನದಲ್ಲಿ ಇನ್ನೊಬ್ಬರ ಉಗುರೂ ಹಾಗೇ ಇತ್ತು. ಸರ್ಕಾರದ ಕಡೆಯ ಹಿರಿಯ ಸದಸ್ಯರು, ಮೊದಲು ಹಸು ಕಟ್ಟಿ ಹಾಲು ಮಾರಿದವರು. ಟೀ ಕೋಣೆಯಲ್ಲಿ ನನ್ನ ಕೈ ನೋಡಿ, ತಮ್ಮ ಕೈ ಪಕ್ಕಕ್ಕೆ ಇಟ್ಟು ನಕ್ಕರು. ಅವರದು ಎಳೆದೆಳೆದು ಮಾತಾಡುವ ಹಳ್ಳಿಯ ಇಂಗ್ಲಿಷ್. ನನ್ನ ಕಿವಿಗೆ ಅದು ಯಾಕೋ ನಮ್ಮ ಕಡೆಯ ಕನ್ನಡವಾಗಿಯೇ ಬೀಳುತ್ತಿತ್ತು. ನೆನಪಿನಲ್ಲಿಯೂ ಹಾಗೇ ಉಳಿದಿದೆ.

ನಾನು ಸದಸ್ಯೆಯಾದ ಮೊದಲ ಚಳಿಗಾಲದಲ್ಲಿ ಅಮ್ಮ ಸಿಡ್ನಿಗೆ, ಅಕ್ಕನ ಮನೆಗೆ ಬಂದಿದ್ದರು. ಪಿತ್ತಕೋಶದ ಕಲ್ಲು ಎಂದು ಆಸ್ಪತ್ರೆಗೆ ಸೇರಿಸಿದರು. ಆಪರೇಷನ್ ದಿನವೇ ಇಲ್ಲಿ ಸದನದಲ್ಲಿ ಬೆಳೆಗಾರರ ನೀರಿನ ವಿಷಯಕ್ಕೆ ಮತವಿತ್ತು, ಸರ್ಕಾರದ ವಿರುದ್ಧ ನಾನಿರಲೇಬೇಕಿತ್ತು. ಟೀ ಕೋಣೆಯಲ್ಲಿ ಮುಖ ಸಣ್ಣ ಮಾಡಿ ಕೂತಿದ್ದೆ. ಆ ಹಾಲಿನ ರೈತರು ವಿಷಯ ಕೇಳಿದವರೇ, "ಹೋಗು ಮೇಟ್, ಅಮ್ಮನ್ನ ನೋಡ್ಕೊ. ನೀನು ಹೊರಗಿದ್ರೆ ನಾನೂ ಹೊರಗಿರ್ತೀನಿ. ಆ ಕಡೆ ಒಂದು, ಈ ಕಡೆ ಒಂದು. ಸರಿಹೋಯ್ತಲ್ಲ" ಎಂದರು.

ಇದಕ್ಕೆ ಇಲ್ಲಿ ಪೇರ್ ಎನ್ನುತ್ತಾರೆ. ಒಂದು ಕಡೆಯವರು ಕಷ್ಟಕ್ಕೆ ಸಿಕ್ಕಿ ಬರಲಾಗದಿದ್ದರೆ ಎದುರು ಕಡೆಯವರೊಬ್ಬರು ತಾವೂ ಮತ ಹಾಕದೆ ಹೊರಗುಳಿಯುತ್ತಾರೆ. ಕಾನೂನಿನಲ್ಲಿಲ್ಲ, ಬರೀ ಮಾತಿನ ಮೇಲೆ ನಡೆಯುತ್ತದೆ. ನಾನು ಸಿಡ್ನಿಗೆ ಹೋದೆ. ಅವರು ಅವತ್ತು ತಮ್ಮ ಕಚೇರಿಯಲ್ಲಿ ಕೂತು ಗಂಟೆ ಕೇಳಿಸಿಕೊಂಡರಂತೆ, ಎದ್ದು ಬರಲಿಲ್ಲವಂತೆ. ಒಂದೇ ಮತದಿಂದ ನೀರು ಉಳಿಯಿತು.

ಅಮ್ಮನಿಗೆ ಎಚ್ಚರವಾದ ಮೇಲೆ ವಿಷಯ ಹೇಳಿದೆ. "ಅಂಗಾರೆ ಮುಯ್ಯಾಳು ಅನ್ನು" ಎಂದರು ಅಮ್ಮ.

ನನಗೂ ಹಾಗೆಯೇ ಅನಿಸಿತ್ತು. ನಮ್ಮ ಕಡೆ ನಾಟಿ ಕಾಲದಲ್ಲಿ ಎಲ್ಲರ ಗದ್ದೆಗೂ ಒಟ್ಟಿಗೇ ಆಳು ಬೇಕು. ಆಗ ಮುಯ್ಯಿ. ಇವತ್ತು ಅವರ ಮನೆಯ ಹೆಂಗಸು ನಮ್ಮ ಗದ್ದೆಗಿಳಿದು ನಾಟಿ ಹಾಕಿದರೆ, ಅವರು ಕರೆದ ದಿನ ನಮ್ಮ ಮನೆಯ ಹೆಂಗಸು ಅವರ ಗದ್ದೆಗಿಳಿಯಬೇಕು. ಕೂಲಿಯಿಲ್ಲ, ಬರಹವಿಲ್ಲ. ಯಾವ ದಿನ ಎಂದು ಆರಿಸುವುದು ಕರೆಯುವವರು. ನಿನಗೆ ಅವತ್ತು ಏನಿತ್ತು ಎಂದು ಯಾರೂ ಕೇಳುವುದಿಲ್ಲ.

ಮೆಲ್ಬರ್ನ್‌ಗೆ ವಾಪಸು ಬಂದವಳೇ ಒಂದು ಕಟ್ಟು ದಂಟು, ಒಂದು ಕಟ್ಟು ಸಬ್ಬಸಿಗೆ ಹಿಡಿದು ಅವರ ಕಚೇರಿಗೆ ಹೋದೆ. "ನಿಮಗೆ ನಾನು ಒಂದು ದಿನ ಬಾಕಿ" ಎಂದೆ.

"ಯಾತಕ್ಕೆ ಬಾಕಿ? ನೀನೂ ಇರ್ಲಿಲ್ಲ, ನಾನೂ ಇರ್ಲಿಲ್ಲ. ಅವತ್ತಿಂದು ಅವತ್ತೇ ಮುಗೀತು" ಎಂದು ನಕ್ಕರು.

"ನಮ್ಮಲ್ಲಿ ಹಾಗಲ್ಲ. ನನ್ನ ಕಷ್ಟಕ್ಕೆ ನೀವು ಒಂದು ದಿನ ಕೊಟ್ಟಿರಿ. ನಿಮ್ಮ ಕಷ್ಟಕ್ಕೆ ನಾನು ಕೊಡಬೇಕು. ನೀವು ಯಾವತ್ತು ಕರೆದರೂ ಹೊರಗಿರುತ್ತೇನೆ. ಅವತ್ತು ಯಾವ ಮತ ಎಂದು ಕೇಳುವುದಿಲ್ಲ."

ಮುಯ್ಯಿಯನ್ನು ಅವರಿಗೆ ವಿವರಿಸಿದೆ. ಅವರ ಮುಖ ಅರಳಿತು. ಹುಲ್ಲು ಕಟ್ಟುವ ಕಾಲದಲ್ಲಿ ತಮ್ಮ ಅಪ್ಪನೂ ಪಕ್ಕದವರೊಂದಿಗೆ ಹೀಗೇ ಮಾಡುತ್ತಿದ್ದರು ಎಂದರು. ಕೈ ಚಾಚಿದರು, ಕುಲುಕಿದೆ. ಸಬ್ಬಸಿಗೆಯನ್ನು ಮೂಸಿ, "ಇದನ್ನ ಏನು ಮಾಡ್ತಾರೆ?" ಎಂದು ಕೇಳಿದರು.

ಇಲ್ಲಿಯವರ ವ್ಯವಸ್ಥೆಯಲ್ಲಿ ಅವತ್ತಿನದು ಅವತ್ತೇ ತೀರಿತ್ತು. ಅವರೇ ಬಾಯಿ ಬಿಟ್ಟು ಹೇಳಿದರು. ಇಲ್ಲದ ಬಾಕಿಯನ್ನು ಹೊತ್ತುಕೊಂಡು ಹೋಗಿ ಒಪ್ಪಿಸಿದವಳು ನಾನು. ನಮ್ಮೂರ ಗದ್ದೆಯಲ್ಲಿ ಬೆಳೆದವರು ಬಿಟ್ಟರೆ ಬೇರೆ ಯಾರೂ ಅಂಥ ಮಾತು ಕೊಡುತ್ತಿರಲಿಲ್ಲ.

ಎರಡು ವರ್ಷ ಯಾರೂ ಕರೆಯಲಿಲ್ಲ. ಆಮೇಲೆ ನಾವು ಹೆದರಿದ್ದ ದಿನ ಬಂತು. ಗಡಿ ಸರಿಸುವ ಪ್ರಸ್ತಾಪ ಸದನಕ್ಕೆ ಬಂತು. ಗಡುವಿನ ಕೊನೆಯ ದಿನವೇ ಮತ, ಅದನ್ನು ಮುಂದೂಡುವಂತಿರಲಿಲ್ಲ. ಎಲ್ಲರೂ ಹಾಜರಿದ್ದರೆ ಸರ್ಕಾರದ ಕಡೆ ಒಂದು ಮತ ಹೆಚ್ಚು, ಪಾಸಾಗುತ್ತದೆ. ಅವರ ಕಡೆ ಒಬ್ಬರು ತಪ್ಪಿದರೆ ಸಮ. ಸಮವಾದರೆ ಪ್ರಸ್ತಾಪ ಬಿದ್ದಂತೆ. ಇಲ್ಲಿನ ನಿಯಮ ಅದು. ಇದು ಎಲ್ಲರಿಗೂ ಗೊತ್ತಿತ್ತು. ವಿರೋಧ ಪಕ್ಷದವರು, ಈ ಮತಕ್ಕೆ ನಾವು ಯಾರಿಗೂ ಪೇರ್ ಕೊಡುವುದಿಲ್ಲ ಎಂದು ಮುಂಚೆಯೇ ಸಾರಿದ್ದರು.

ಭಾನುವಾರ ಬೆಳಿಗ್ಗೆ ನಾನು ಟನಲ್‌ನಲ್ಲಿ ಅವರೆ ಬಿಡಿಸುತ್ತಿದ್ದೆ. ಸೊನೆ ಅಂಟಿದ ಕೈಯಲ್ಲೇ ಫೋನು ಎತ್ತಿಕೊಂಡೆ. ಹಾಲಿನ ರೈತರು.

"ಹೆಂಡತಿಗೆ ಹಾರ್ಟ್ ಆಪರೇಷನ್ ಇದೆ. ಸಿಡ್ನಿಯಲ್ಲಿ. ಮಗಳು ಅಲ್ಲೇ ಇರೋದು. ಈ ಗುರುವಾರ. ನನಗೆ ಆ ದಿನ ಬೇಕು."

"ಹೋಗಿ ಬನ್ನಿ" ಎಂದೆ.

ಅಷ್ಟು ಸಲೀಸಾಗಿ ಬಂತು ಬಾಯಿಂದ. ಅವರು, "ಥ್ಯಾಂಕ್ಸ್ ಮೇಟ್" ಎಂದರು. ಫೋನು ಇಟ್ಟ ಮೇಲೆ ನಾಲ್ಕು ಕಾಯಿ ಬಿಡಿಸಿರಬೇಕು. ಗುರುವಾರವೇ ಗಡಿಯ ಮತ ಎಂಬುದು ಆಗ ತಲೆಗೆ ಬಂತು.

ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವರು ಮೋಸ ಮಾಡಿದರು ಎಂದು ಮಾತ್ರ ನಾನು ಯಾವತ್ತೂ ಹೇಳುವುದಿಲ್ಲ. ಹೆಂಡತಿಯ ಎದೆ ಸೀಳುವ ದಿನವನ್ನು ಅವರು ಆರಿಸಿದ್ದಲ್ಲ. ಯಾವ ಮತ ಎಂದು ಕೇಳುವುದಿಲ್ಲ ಎಂದವಳು ನಾನು, ಅವರು ಹೇಳಲಿಲ್ಲ.

ಮನೆಗೆ ಬಂದು ಹೇಳಿದಾಗ ನನ್ನ ಮಗಳು ಲ್ಯಾಪ್‌ಟಾಪಿನಿಂದ ತಲೆ ಎತ್ತಿ, "ಬಟ್ ಅಮ್ಮಾ, ಯು ಪ್ರಾಮಿಸ್ಡ್" ಎಂದಳು. ಗಂಡ, "ಯಾರಿಗೆ ಪ್ರಾಮಿಸ್ ಮಾಡಿದ್ದು ಅಂತ ಕೇಳು, ಲಿಸ್ಟ್ ಉದ್ದ ಇದೆ" ಎಂದರು.

ಸೋಮವಾರ ಪುದೀನ ಆಂಟಿ ಸಿಕ್ಕರು. ಗುರುವಾರ ಓಣಿಯವರೆಲ್ಲ ಮಿನಿಬಸ್ ಮಾಡಿಕೊಂಡು ಬಂದು ಮೇಲೆ ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂರುತ್ತೇವೆ, ನೀನು ಮತ ಹಾಕುವುದನ್ನು ನೋಡುತ್ತೇವೆ ಎಂದರು. ಮುಚ್ಚಿಡಲಾಗಲಿಲ್ಲ, ಹೇಳಿಬಿಟ್ಟೆ. ಅವರು ಪುದೀನದ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕುತ್ತಲೇ ಪೂರ್ತಿ ಕೇಳಿಸಿಕೊಂಡರು.

"ಅವನು ಒಳ್ಳೆಯವನಾ?"

"ಒಳ್ಳೆಯವರು."

"ನಿನ್ನ ಅಮ್ಮನಿಗೆ ಸಹಾಯ ಮಾಡಿದನಾ?"

"ಹೌದು."

"ಹಾಗಾದರೆ ನಿನ್ನ ಬೀನ್ಸ್ ಕೊಡು ಅವನಿಗೆ. ಎಲ್ಲಾ ಕೊಡು. ಆ ವೋಟು ನಂದು. ನನ್ನದನ್ನು ಯಾಕೆ ಕೊಟ್ಟೆ?"

ಸಿಟ್ಟಿನಿಂದ ಹೇಳಲಿಲ್ಲ. ಕೇಳಿದರು, ಅಷ್ಟೆ. ಉತ್ತರಕ್ಕೆ ಕಾದರು ಕೂಡ. ನಾನು ಪೈಪು ಸುತ್ತುವ ನೆಪ ಮಾಡಿ ಆ ಕಡೆ ಹೋದೆ.

ಹೊರಗುಳಿದರೆ ಓಣಿ ಹೋಗುತ್ತದೆ. ಒಳಗೆ ಕೂತರೆ ನನ್ನ ಮಾತು ಹೋಗುತ್ತದೆ. ಮಾತು ಹೋದವರಿಗೆ ಆ ಕಟ್ಟಡದಲ್ಲಿ ಏನಾಗುತ್ತದೆ ಎಂದು ನೋಡಿದ್ದೆ. ಅವರಿಗೆ ಎಲ್ಲರೂ ಗುಡ್ ಮಾರ್ನಿಂಗ್ ಹೇಳುತ್ತಾರೆ. ಅದಕ್ಕಿಂತ ಆಚೆ ಯಾರೂ ಮಾತು ಬೆಳೆಸುವುದಿಲ್ಲ. ಹುಷಾರಿಲ್ಲ ಎಂದು ಮನೆಯಲ್ಲಿ ಮಲಗಿಬಿಡಲೇ ಎಂದೂ ಯೋಚಿಸಿದೆ. ಮಲಗಿದರೂ ಹೊರಗುಳಿದಂತೆಯೇ. ತಪ್ಪಿಸಿಕೊಳ್ಳಲು ಮೂರನೆಯ ಬಾಗಿಲು ಇರಲಿಲ್ಲ.

ಅಮ್ಮ ಆ ವರ್ಷವೂ ಸಿಡ್ನಿಯಲ್ಲೇ ಇದ್ದರು. ಮಂಗಳವಾರ ಫೋನು ಮಾಡಿದೆ. ಅವರಿಗೆ ಯೋಚನೆಯೇ ಬೇಕಾಗಲಿಲ್ಲ.

"ಕರ್ದವ್ರೆ ಅಂದ್ಮೇಲೆ ಮುಗೀತು. ಹೋಗ್ಬುಡು."

"ಹೋದರೆ ನಮ್ಮ ಜಮೀನು ಹೋಗುತ್ತಮ್ಮ."

"ನಮ್ಮ ಪೈರು ನಾಟಿ ಕಾಣ್ದೆ ಒಟ್ಲಲ್ಲೇ ಬಲೀತಿದ್ರೂ ನಾನು ಅವ್ರ ಗದ್ದೆಗೆ ಇಳಿದಿಲ್ವ? ಇವತ್ತು ನೀನು ಇಲ್ಲ ಅಂದ್ರೆ ನಾಳೆ ನಿನ್ನ ಕೆಲಸಕ್ಕೆ ಯಾರವ್ವ ಬಂದಾರು?"

"ನೀನು ಇಳಿದೆ. ಜ್ವರ ಬಂದಾಗ ಯಾರನ್ನ ಇಳಿಸಿದೆ, ನೆನಪಿದೆಯ?"

ನೆನಪಿತ್ತು ಅವರಿಗೆ. ಎರಡನೇ ಪಿಯುಸಿಯಲ್ಲಿ ನನ್ನ ಬಯಾಲಜಿ ಪ್ರಾಕ್ಟಿಕಲ್ ಪರೀಕ್ಷೆಯ ದಿನ. ಬೇಸಿಗೆ ಬೆಳೆಯ ನಾಟಿ ಹಿಂದೆ ಬಿದ್ದು ಮುಯ್ಯಿಯವರು ಅವತ್ತೇ ಕರೆದಿದ್ದರು. ಅಮ್ಮ ಜ್ವರದಲ್ಲಿ ಏಳಲಾರದೆ ಬಿದ್ದಿದ್ದರು. ಮನೆಯಿಂದ ಒಂದು ಆಳು ಹೋಗಲೇಬೇಕು. "ಮಧ್ಯಾಹ್ನ ತಾನೆ ಪರೀಕ್ಷೆ" ಎಂದು ನನ್ನನ್ನು ಕಳಿಸಿದರು. ಬೆಳಗಿನಿಂದ ಬಗ್ಗಿ ನಾಟಿ ಹಾಕಿ, ಗದ್ದೆಯಿಂದಲೇ ರಸ್ತೆಗೆ ಓಡಿ ಬಸ್ಸು ಹಿಡಿದೆ. ಕಾಲೇಜು ಮುಟ್ಟುವಷ್ಟರಲ್ಲಿ ಪರೀಕ್ಷೆ ಅರ್ಧ ಮುಗಿದಿತ್ತು. ಮೇಡಂ ನನ್ನ ಕಾಲಿನ ಕೆಸರು ನೋಡಿ, ನಲ್ಲಿಯ ಹತ್ತಿರ ತೊಳೆದುಕೊಂಡು ಬಾ ಎಂದರು. ಮೈಕ್ರೋಸ್ಕೋಪಿನ ಕೆಳಗೆ ಸ್ಲೈಡು ಇಡುವಾಗ ಅವಸರಕ್ಕೆ ಗಾಜು ಒಡೆಯಿತು. ಇನ್ನೊಂದು ಕೊಟ್ಟರು. ಪಾಸಾದೆ, ಬರೀ ಪಾಸು. ಆ ಅಂಕಕ್ಕೇ ಕೃಷಿ ಕಾಲೇಜಿನ ಸೀಟು ಕೊನೆಯ ಸುತ್ತಿನವರೆಗೆ ಎಳೆದಾಡಿತು. ಅವತ್ತು ಮನೆಗೆ ಬಂದು, ನಿನ್ನ ಮುಯ್ಯಿಯನ್ನು ನನ್ನ ದಿನ ಕೊಟ್ಟು ತೀರಿಸಬೇಡ ಎಂದು ಕಿರುಚಿದ್ದೆ.

"ಪಾಸಾಗ್ಲಿಲ್ವ ನೀನು?" ಎಂದರು ಅಮ್ಮ ಫೋನಿನಲ್ಲಿ.

"ಪಾಸಾದೆ."

"ಮತ್ತೆ?"

ಮಂಡಿಗೆ ಎಣ್ಣೆ ಹಚ್ಚಿಕೊ ಎಂದು ಹೇಳಿ ಫೋನು ಇಟ್ಟೆ. ಆದರೆ ಪುದೀನ ಆಂಟಿಗೆ ಕೊಡಬೇಕಾಗಿದ್ದ ಉತ್ತರ ಆ ಹೊತ್ತಿಗೆ ನನಗೆ ಸಿಕ್ಕಿತ್ತು. ಮುಯ್ಯಿಯಲ್ಲಿ ಕೊಡುವುದು ನಮ್ಮ ಸೊಂಟ, ನಮ್ಮ ಕೈ. ಅದು ನನ್ನದಾಗಿದ್ದರೆ ಕೊಟ್ಟುಬಿಡುತ್ತಿದ್ದೆ. ನಾನು ಕೊಟ್ಟಿದ್ದು ಶೆಡ್ಡಿನಲ್ಲಿ ಸೇರಿದ್ದ ಅಷ್ಟೂ ಜನರ ದಿನ. ಕೆಸರುಗಾಲಿನಲ್ಲಿ ಓಡಬೇಕಾದವರು ಅವರು.

ಇದರಿಂದ ಹಗುರಾಯಿತು ಎಂದೇನಿಲ್ಲ. ಮಾತು ತಪ್ಪುವುದು ಮಾತು ತಪ್ಪುವುದೇ.

ಬುಧವಾರ ಬೆಳಿಗ್ಗೆ ಹಾಲಿನ ರೈತರಿಗೆ ಫೋನು ಮಾಡಿದೆ. ಆಸ್ಪತ್ರೆಯಲ್ಲಿದ್ದರು. ಹಿಂದೆ ಯಾವುದೋ ಟ್ರಾಲಿ ಉರುಳುವ ಸದ್ದು.

"ನಾಳೆ ನಾನು ಒಳಗಿರುತ್ತೇನೆ" ಎಂದೆ. "ನಿಮಗೆ ಕೊಟ್ಟ ಮಾತು ನಡೆಸಲಾಗುತ್ತಿಲ್ಲ. ನೀವು ಬರುವುದಾದರೆ ಇವತ್ತು ವಿಮಾನ ಸಿಗುತ್ತೆ."

ಟ್ರಾಲಿಯ ಸದ್ದು ದೂರವಾಯಿತು; ಅವರು ಎದ್ದು ಆಚೆ ನಡೆದಿರಬೇಕು.

"ಇವಳನ್ನ ಬಿಟ್ಟು ಬರಲ್ಲ ಅಂತ ಗೊತ್ತಲ್ಲ ನಿನಗೆ?"

"ಗೊತ್ತು."

"ಮತ್ತೆ ಯಾಕೆ ಹೇಳ್ತಿದ್ದೀಯ?"

"ನಿಮಗೆ ಇನ್ನೊಬ್ಬರ ಬಾಯಿಂದ ತಿಳಿಯಬಾರದು ಅಂತ."

"ದೊಡ್ಡ ಉಪಕಾರ" ಎಂದರು. ಆಮೇಲೆ, "ನೀನು ದಿನ ಬಾಕಿ ಅಂದಾಗ ನಾನು ನಕ್ಕಿದ್ದೆ, ನೋಡು. ನಗ್ತಾನೇ ಇದ್ದುಬಿಡಬೇಕಿತ್ತು" ಎಂದು ಇಟ್ಟುಬಿಟ್ಟರು.

ಗುರುವಾರ ಮಧ್ಯಾಹ್ನ ಗಂಟೆ ಹೊಡೆಯತೊಡಗಿದಾಗ ನಾನು ಸದನದ ಬಾಗಿಲ ಹತ್ತಿರವೇ ನಿಂತಿದ್ದೆ. ಸದಸ್ಯರು ನನ್ನ ಎರಡೂ ಪಕ್ಕದಿಂದ ಒಳಗೆ ಹೋಗುತ್ತಿದ್ದರು. ಇನ್ನೂ ಆಚೆ ಹೋಗಬಹುದಿತ್ತು. ಮೆಟ್ಟಿಲಿಳಿದರೆ ಬೀದಿ, ಟ್ರಾಮು, ಮನೆ. ಆ ಗಂಟೆಯಷ್ಟು ಉದ್ದದ ಸದ್ದನ್ನು ನಾನು ಕೇಳಿಲ್ಲ. ಒಳಗೆ ಹೋಗಿ ಕೂತೆ. ಬಾಗಿಲು ಹಾಕಿದರು. ಎದುರಿನ ಸಾಲಿನಲ್ಲಿ ಅವರ ಆಸನ ಖಾಲಿ. ಮೇಲೆ ನೋಡಿದೆ, ಪುದೀನ ಆಂಟಿ ಕಟಕಟೆಗೆ ಗಲ್ಲ ಊರಿಕೊಂಡು ನನ್ನನ್ನೇ ನೋಡುತ್ತಿದ್ದರು.

ಸಮ ಬಂತು. ಸಭಾಪತಿ, ಪ್ರಸ್ತಾಪ ಬಿದ್ದುಹೋಯಿತು ಎಂದು ಓದಿದರು. ಮೇಲಿನಿಂದ ಯಾರೋ ಚಪ್ಪಾಳೆ ತಟ್ಟಿದರು, ಕಾವಲಿನವರು ಸುಮ್ಮನಾಗಿಸಿದರು. ಸರ್ಕಾರದ ವಿಪ್ ಹೊರಗೆ ಹೋಗುವಾಗ ನನ್ನ ಆಸನದ ಹತ್ತಿರ ನಿಂತು, "ಆತ ನಿನ್ನ ಮಾತು ನಂಬಿ ಹೋಗಿದ್ದ. ನಾವೂ ನಂಬಿದ್ದೆವು" ಎಂದಳು. ಅಷ್ಟೇ.

ಆವತ್ತಿನಿಂದ ನನಗೆ ಪೇರ್ ಇಲ್ಲ. ಸರ್ಕಾರದ ಕಡೆಯವರು ಕೊಡುವುದಿಲ್ಲ. ವಿರೋಧ ಪಕ್ಷದವರು ಭುಜ ತಟ್ಟಿದರು. ಅವರು ನನ್ನ ಕಡೆಯೇ ಮತ ಹಾಕುವವರು, ಅವರು ಹೊರಗಿದ್ದು ನನಗೇನು ಉಪಯೋಗ. ಹಾಗಾಗಿ ಸದನ ಸೇರಿದ ವಾರಗಳಲ್ಲಿ ನಾನು ಅಲ್ಲಾಡುವಂತಿಲ್ಲ. ಜ್ವರವಿದ್ದರೂ ಹೋಗಬೇಕು. ಮಗಳ ಶಾಲೆಯ ಪ್ರಶಸ್ತಿ ಸಮಾರಂಭವನ್ನು ಗಂಡನ ಫೋನಿನಲ್ಲಿ ನೋಡಿದೆ. ನನ್ನ ಟನಲ್‌ಗಳನ್ನು ಪುದೀನ ಆಂಟಿ ನೋಡಿಕೊಳ್ಳುತ್ತಾರೆ. ಹೋದ ಸಲ ಅವರೆ ಹೂವಾದಾಗ ನಾನು ನೋಡಲೇ ಇಲ್ಲ. ಕಾಯಿ ಬಿಡಿಸಿ ಡಬ್ಬಿಯಲ್ಲಿ ಹಾಕಿ ಗಂಡನ ಕೈಯಲ್ಲಿ ಕಳಿಸಿದರು. ಉಗುರಿನ ಮಣ್ಣು ಪೂರ್ತಿ ಹೋಗಿದೆ. ನೆಲ ಉಳಿಸಲು ಬಂದವಳಿಗೆ ನೆಲ ಮುಟ್ಟಲು ಬಿಡುವಿಲ್ಲ.

ರಾಜೀನಾಮೆ ಕೊಡು ಎಂದು ಅಕ್ಕ ಹೇಳುತ್ತಾಳೆ. ಕೊಟ್ಟರೆ ಆ ಜಾಗಕ್ಕೆ ಪಕ್ಷ ತನಗೆ ಬೇಕಾದವರನ್ನು ಕೂರಿಸುತ್ತದೆ. ಸಾಲಿನಲ್ಲಿರುವವರು ಯಾರೆಂದು ನನಗೆ ಗೊತ್ತು; ಗಡಿ ಸರಿಯಲಿ ಎಂದು ಕಾಯುತ್ತಿರುವ ಜಮೀನುದಾರರು. ಪ್ರಸ್ತಾಪ ಒಂದು ಸಲ ಬಿದ್ದಿದೆ ಅಷ್ಟೇ, ಮತ್ತೆ ಬರುತ್ತದೆ. ಹಾಗಾಗಿ ಕೂತಿದ್ದೇನೆ.

ಹಾಲಿನ ರೈತರ ಹೆಂಡತಿ ಚೇತರಿಸಿಕೊಂಡರು. ಆಕೆ ಮನೆಗೆ ಬಂದ ವಿಷಯ ತಿಳಿದು ಅವರೆಕಾಯಿ ಒಯ್ದೆ. ಅವರು ತೆಗೆದುಕೊಂಡರು, ಥ್ಯಾಂಕ್ಸ್ ಎಂದರು. ಏನು ಮಾಡ್ತಾರೆ ಇದನ್ನ ಎಂದು ಕೇಳಲಿಲ್ಲ.

ಈ ವರ್ಷ ಅಮ್ಮ, ಇನ್ನು ಬರುವುದಿಲ್ಲ ಎಂದು ಹೇಳಿಬಿಟ್ಟರು. ಮಂಡಿ ಬಿಡುವುದಿಲ್ಲ, ಅಷ್ಟು ಹೊತ್ತು ವಿಮಾನದಲ್ಲಿ ಕೂರಲಾಗುವುದಿಲ್ಲ, ಇದೇ ಕೊನೆ. ಅಮ್ಮನನ್ನು ಊರಿಗೆ ಕರೆದುಕೊಂಡು ಹೋಗಲು ಭಾವನಿಗೆ ರಜೆ ಸಿಕ್ಕಿದ್ದು ಆ ವಾರ ಮಾತ್ರ. ಸಿಡ್ನಿಯಿಂದ ಹೊರಡುವ ದಿನ ಇಲ್ಲಿ ಸದನವಿತ್ತು, ಬೆಳೆಗಾರರ ಗುತ್ತಿಗೆಯ ಮಸೂದೆ ಮತಕ್ಕಿತ್ತು. ಎಲ್ಲ ಬಿಟ್ಟು ಹಾಲಿನ ರೈತರ ಹತ್ತಿರವೇ ಹೋಗಿ ಕೇಳಿದೆ. ಕೇಳುವ ಮುಖ ನನಗಿರಲಿಲ್ಲ, ಆದರೂ ಕೇಳಿದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ವಿಪ್ ಬಿಡಲ್ಲ" ಎಂದರು. ಆಮೇಲೆ, "ಬಿಟ್ಟಿದ್ರೂ ಕೊಡ್ತಿದ್ನೋ ಇಲ್ವೋ, ನಿಜವಾಗ್ಲೂ ನನಗೆ ಗೊತ್ತಿಲ್ಲ ಮೇಟ್" ಎಂದರು.

ಆ ದಿನ ಕಾರಿಡಾರಿನ ಕಿಟಕಿಯ ಹತ್ತಿರ ನಿಂತು ಅಮ್ಮನೊಂದಿಗೆ ಮಾತಾಡಿದೆ. ಅವರು ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿಯಲ್ಲಿ ಕೂತಿದ್ದರು. ಅಕ್ಕ ಫೋನು ಹಿಡಿದಿದ್ದಳು. ಚೀಲದಲ್ಲಿ ನನ್ನ ಅವರೆಯ ಬೀಜ ಇಟ್ಟುಕೊಂಡಿದ್ದೇನೆ, ಊರಲ್ಲಿ ಹಾಕಿ ನೋಡುತ್ತೇನೆ ಎಂದರು. "ಇಲ್ಲೀದು ಅಲ್ಲಿ ಹೂ ಬುಟ್ಟಾತ?" ಎಂದು ಕೇಳಿದರು. ಬಿಡುತ್ತೆ, ಅಲ್ಲಿಗೆ ಅದು ಸಲೀಸು ಎಂದೆ. ಆ ಪುಣ್ಯಾತ್ಮ ಏನಂದ ಎಂದರು. ಆಗಲ್ಲ ಅಂದರು ಎಂದೆ.

"ಬೈಬ್ಯಾಡ ಅವ್ನ."

"ಬೈತಿಲ್ಲ."

ಗಂಟೆ ಹೊಡೆಯತೊಡಗಿತು. ಕಾರಿಡಾರಿನ ಉದ್ದಕ್ಕೂ ಬಾಗಿಲುಗಳು ತೆರೆದುಕೊಂಡು ಜನ ಹೊರಬಂದರು.

"ಅದೇನವ್ವ ಸದ್ದು?"

"ಒಳಗೆ ಕರೀತಿದ್ದಾರಮ್ಮ."

"ಹೋಗು ಮತ್ತೆ, ಬಾಗ್ಲು ಹಾಕ್ಬುಟ್ಟಾರು" ಎಂದರು ಅಮ್ಮ. ನಾನು ಇಡಲಿಲ್ಲ. ಫೋನು ಕಿವಿಗೆ ಹಿಡಿದುಕೊಂಡೇ ಸದನದ ಕಡೆ ನಡೆದೆ. ಅಕ್ಕ ಏನೋ ಹೇಳುತ್ತಿದ್ದಳು, ಗಂಟೆಯಲ್ಲಿ ಕೇಳಿಸಲಿಲ್ಲ. ಬಾಗಿಲ ಹತ್ತಿರ ಕಾವಲಿನವನು ನನ್ನ ಫೋನಿನ ಕಡೆ ನೋಡಿದ. ಆಗ ಇಟ್ಟೆ.